ಮನೆಗಾಡಿಯೊಳಗಿನ ಹೊಗೆ

ಬಟ್ಟೆ ಒಗೆದು ಉಳಿದ ಸಾಬೂನಿನ ನೀರನ್ನು ಬಚ್ಚಲಿಗೆ ಚೆಲ್ಲದೆ ಹಳೆಯ ತಂಬಿಗೆಯೊಂದರಲ್ಲಿ ತೆಗೆದಿಡುವ ಚಟ ನನಗೆ ಈಚೆಗೆ ಹತ್ತಿದೆ. ಬೆಳಗಿನ ಚಹಾ ಮುಗಿದ ಮೇಲೆ ಆ ತಂಬಿಗೆಯನ್ನೂ ಬಣ್ಣ ಬಳಿಯುವ ಕುಂಚವನ್ನೂ ಹಿಡಿದು ಅಂಗಳಕ್ಕಿಳಿದು, ಅಲ್ಲಿ ನಿಂತಿರುವ ಹಳೆಯ ಡೀಸೆಲ್ ಗಾಡಿಯನ್ನು ಚಾಲೂ ಮಾಡಿ, ಹೊಗೆಕೊಳವೆಯ ಮೈ ಕಾಯುವುದರೊಳಗೆ ಅದರ ಉದ್ದಕ್ಕೂ ನೊರೆ ಹಚ್ಚುತ್ತ ಹೋಗುತ್ತೇನೆ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಹೊಗೆ ಸೋರುತ್ತಿದೆ ಎಂದು ಅರ್ಥ. ಗುಳ್ಳೆ ಏಳದೆ ತಿಂಗಳ ಮೇಲಾಯಿತು. ಆದರೂ ಬಿಡಲಾರೆ. ಮಾಸ್ತರರು ಗಾಡಿಗೆ ಗಡ್ಡ ಬೋಳಿಸಲು ಕೂತರು ಎಂದು ಓಣಿಯವರು ನಗುತ್ತಾರೆ. ನಗಲಿ, ಅವರಿಗೆ ನನ್ನ ಕಥೆ ಗೊತ್ತಿಲ್ಲ, ನಿಮಗೆ ಹೇಳುತ್ತೇನೆ.

ಮೊದಲು ಈ ಗಾಡಿಯ ಕುಲಗೋತ್ರ. ಇದು ಒಂದು ಕಾಲಕ್ಕೆ ಶಾಲೆಯ ಮಕ್ಕಳನ್ನು ಹೊರುತ್ತಿದ್ದ ಚಿಕ್ಕ ಬಸ್ಸು. ಮಕ್ಕಳ ಗದ್ದಲವೆಲ್ಲ ಇಳಿದುಹೋದ ಮೇಲೆ ಗೋಕಾಕದ ಒಂದು ಗ್ಯಾರೇಜಿನ ಹಿಂದೆ ಎರಡು ಮಳೆಗಾಲ ನೆನೆಯುತ್ತ ಬಿದ್ದಿತ್ತು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ನಿವೃತ್ತರಿಗೆ ಸಹಜವಾದ ಹುಂಬತನದಿಂದ ಅದನ್ನು ಕೊಂಡು, ಆಸನಗಳನ್ನೆಲ್ಲ ಕಿತ್ತು, ಉದ್ದಕ್ಕೊಂದು ಮಂಚ, ಮೂಲೆಗೊಂದು ಒಲೆ, ತಲೆಯ ಮೇಲೆ ನೀರಿನ ಟಾಕಿ, ಕಿಟಕಿಗಳಿಗೆ ಹೂವಿನ ಪರದೆ ಹಾಕಿಸಿ ಅದನ್ನೊಂದು ಮನೆ ಮಾಡಿದೆ. ಮಂಚ ನನಗಲ್ಲ, ಅಕ್ಕನಿಗೆ.

ಅಕ್ಕ ಎಂದರೆ ನನ್ನ ಪಾಲಿಗೆ ಅವ್ವ, ಅಪ್ಪ ಎಲ್ಲ ಅವಳೇ. ಮೂಡಲಗಿ ಸುತ್ತಲಿನ ಕಬ್ಬಿನ, ಉಳ್ಳಾಗಡ್ಡಿಯ ಹೊಲಗಳಲ್ಲಿ ಕಳೆ ತೆಗೆದು, ಮದುವೆಯ ಮಾತೆತ್ತಿದವರನ್ನು ಬೈದು ಕಳಿಸಿ, ನನ್ನನ್ನು ಓದಿಸಿದವಳು. ನನ್ನ ಪ್ರತಿಯೊಂದು ತರಗತಿಗೂ ಅವಳ ಬೆನ್ನು ಒಂದಿಷ್ಟು ಬಾಗಿತೆಂದು ಕಾಣುತ್ತದೆ. ಈಗ ಅವಳು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂರಲಾರಳು. ಮಲಗಿದರೆ ಮಾತ್ರ ನೋವು ಸುಮ್ಮನಿರುತ್ತದೆ. ಕೂರಲಾರದವರಿಗೆ ಬಸ್ಸೂ ಇಲ್ಲ, ಕಾರೂ ಇಲ್ಲ, ನೆಂಟರ ಮನೆಯೂ ಇಲ್ಲ. ಹನ್ನೆರಡು ವರ್ಷಗಳಿಂದ ಅವಳ ಲೋಕ ನಮ್ಮ ಮನೆಯ ಹೊಸ್ತಿಲಿಗೇ ಮುಗಿಯುತ್ತಿತ್ತು.

ಆ ಹನ್ನೆರಡು ವರ್ಷವೂ ಅಕ್ಕ ಕೇಳುತ್ತಿದ್ದುದು ಒಂದೇ, ಸುಂದ್ರವ್ವನನ್ನು ನೋಡಬೇಕು. ಸುಂದ್ರವ್ವ ಅಕ್ಕನ ಗೆಳತಿ. ಇಬ್ಬರೂ ಒಂದೇ ಸಾಲು ಹಿಡಿದು ಕಳೆ ತೆಗೆದವರು, ಒಂದೇ ರೊಟ್ಟಿ ಮುರಿದು ತಿಂದವರು, ಹೊಲದ ಧಣಿ ಮೇಲಿನಿಂದ ನೀರು ಹೊಯ್ದರೆ ಕುಡಿಯದೆ ಕಾಲುವೆಗೆ ನಡೆದುಹೋದವರು. ಆಮೇಲೆ ಸುಂದ್ರವ್ವ ಮಗನ ನೌಕರಿಯ ಬೆನ್ನು ಹತ್ತಿ ಹುಕ್ಕೇರಿಗೆ ಹೋದಳು. ಅಲ್ಲಿ ಅವಳಿಗೆ ಹೃದಯದ ಬೇನೆ ಶುರುವಾಯಿತು, ಕಿವಿಯೂ ಮಂದವಾಯಿತು. ಫೋನಿನಲ್ಲಿ ಈ ಕಡೆಯಿಂದ ಎಷ್ಟು ಕೂಗಿದರೂ ಅವಳಿಗೆ ಕೇಳಿಸದು. ಬಾಯನ್ನು ಕಿವಿಗೆ ಹಚ್ಚಿ ಮಾತಾಡಬೇಕು, ಅಂದರೆ ಎದುರಿಗೇ ಹೋಗಬೇಕು. ಅದಕ್ಕಾಗಿಯೇ ಈ ಮನೆಗಾಡಿ.

ಕಬ್ಬು ಸಾಗುವ ಹಂಗಾಮಿನ ಒಂದು ಬೆಳಗ್ಗೆ ಹೊರಟೆವು. ಟ್ರ್ಯಾಕ್ಟರುಗಳ ಧೂಳು ಬರಬಾರದೆಂದು ಅಕ್ಕನ ಕಡೆಯ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದೆ. ನನ್ನ ಮೊಣಕೈ ಬಳಿಯ ಕಿಟಕಿ ಮಾತ್ರ ತೆರೆದಿತ್ತು. ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರನ್ನು ಕಂಡರೆ ನಗುವವನು ನಾನು. ಆದರೆ ಮುಂಗಾಜಿನ ಕೆಳಗೆ ಅಂಗೈಯಗಲದ ಬುದ್ಧನ ಮೂರ್ತಿ ಇಟ್ಟುಕೊಂಡಿದ್ದೇನೆ, ಅದರ ಮುಂದೆ ಊದಿನಕಡ್ಡಿ ಹಚ್ಚದೆ ಗಾಡಿ ಬಿಡುವುದಿಲ್ಲ. ಅಂದು ದೂರದ ದಾರಿ ಎಂದು ಒಂದು ಹಿಡಿಯಷ್ಟನ್ನೇ ಹಚ್ಚಿದೆ. ಅವು ಮುಗಿದಾಗ ಮೇಲವಂಕಿಯ ಹತ್ತಿರ ನಿಲ್ಲಿಸಿ ಮತ್ತೆ ಹಚ್ಚಿದೆ, ಗೋಕಾಕ ದಾಟಿದ ಮೇಲೆ ಇನ್ನೊಮ್ಮೆ. ಗಾಡಿಯ ತುಂಬ ಮಲ್ಲಿಗೆಯ ಘಮ. ಅಕ್ಕ ಮೊದಮೊದಲು "ಇನ್ನೂ ಎಷ್ಟ ದೂರ ಐತೋ ತಮ್ಮಾ?" ಎಂದು ಸಣ್ಣ ಹುಡುಗಿಯ ಹಾಗೆ ಕೇಳುತ್ತಿದ್ದಳು. ಆಮೇಲೆ ಕೇಳುವುದು ನಿಂತಿತು. ನಿದ್ದೆ ಹತ್ತಿರಬೇಕು, ಮಂಚವನ್ನು ಅಷ್ಟು ಮೆತ್ತಗೆ ಮಾಡಿಸಿದ್ದೇನಲ್ಲ ಎಂದು ನನಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಹುಕ್ಕೇರಿಯ ಆ ಓಣಿಯಲ್ಲಿ ಗಾಡಿ ನಿಲ್ಲುವುದೇ ತಡ, ಜನ ಮುತ್ತಿದರು. ಅಕ್ಕ ಕಣ್ಣು ಬಿಟ್ಟು, "ತಲಿ ಸಿಡ್ಯಾಕತ್ತೈತಿ," ಎಂದು ಮತ್ತೆ ಮುಚ್ಚಿದಳು. ದಾರಿಯ ದಣಿವು ಎಂದುಕೊಂಡೆ. ಅವಳು ಇಳಿಯುವಂತಿರಲಿಲ್ಲವಾಗಿ ಸುಂದ್ರವ್ವನನ್ನೇ ಅವಳ ಸೊಸೆ ಶೋಭಾ ತೋಳು ಹಿಡಿದು ಗಾಡಿಗೆ ಹತ್ತಿಸಿದಳು. ಗೆಳತಿಯರ ನಡುವೆ ನಾನೇಕೆ ಎಂದು ಕೆಳಗಿಳಿದೆ ಎಂದು ಬಹಳ ದಿನ ಹೇಳಿಕೊಂಡೆ. ಅದು ಸುಳ್ಳು. ಹೊರಗೆ ನಿಂತವರು ಗಾಡಿಯನ್ನು ಬೆರಗಿನಿಂದ ನೋಡುತ್ತಿದ್ದರು, ನನಗೆ ಆ ಬೆರಗು ಬೇಕಾಗಿತ್ತು. ನಲ್ಲಿ ತಿರುಗಿಸಿ ನೀರು ತೋರಿಸಿದೆ, ಮಡಚುವ ಮೇಜು ತೋರಿಸಿದೆ, ಇಂಥದ್ದು ಈ ಮೂರು ತಾಲೂಕಿನಲ್ಲಿ ಇನ್ನೊಂದಿಲ್ಲ ಎಂದೂ ಹೇಳಿದೆ. ಒಳಗಿನಿಂದ ಸುಂದ್ರವ್ವನ ದನಿ ಕೇಳುತ್ತಿತ್ತು. ಕಿವಿ ಕೇಳದವರು ಜೋರಾಗಿಯೇ ಮಾತಾಡುತ್ತಾರಷ್ಟೆ. ಒಂದು ತಾಸು ಆ ದನಿ ಏರುತ್ತ ಇಳಿಯುತ್ತ, ನಡುನಡುವೆ ನಗುತ್ತ ನಡೆದೇ ಇತ್ತು.

ಮರಳಿ ಬರುವಾಗ ಘಟಪ್ರಭಾದ ಹತ್ತಿರ ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಳು. ಮನೆಗೆ ಬಂದು ಮಲಗಿಸಿದೆ. ಮರುದಿನ ಬೆಳಗ್ಗೆ ನಾನು ಚಹಾ ಹಿಡಿದು ಹೋದರೆ ಅವಳು ಸುತ್ತಲೂ ನೋಡಿ, "ತಮ್ಮಾ, ಹುಕ್ಕೇರಿ ಇನ್ನೂ ಬರಲಿಲ್ಲೇನೋ?" ಎಂದಳು. ಚಹಾ ಕೆಳಗಿಟ್ಟು ಕೇಳಿದರೆ, ಸುಂದ್ರವ್ವ ಬಂದು ಪಕ್ಕದಲ್ಲಿ ಕೂತದ್ದೇ ಅವಳಿಗೆ ನೆನಪಿರಲಿಲ್ಲ.

ಗೋಕಾಕದ ಡಾಕ್ಟರು ಎಲ್ಲ ಕೇಳಿ, ಹೊಗೆಯ ವಿಷ ತಲೆಗೇರಿದರೆ ಹೀಗೆ ನೆನಪು ಅಳಿಯುವುದುಂಟು, ಗಾಡಿಯೊಳಗೆ ಹೊಗೆ ಬರುತ್ತದೆಯೇ ಎಂದರು. ಇಲ್ಲವೇ ಇಲ್ಲ ಎಂದೆ. ಆದರೂ ಮನಸ್ಸು ತಡೆಯದೆ ಗಾಡಿಯನ್ನು ದಾದಾಪೀರ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಈ ಗಾಡಿಯ ಎಂಜಿನ್ ಇರುವುದು ಒಳಗೇ, ಚಾಲಕನ ಮಗ್ಗುಲಲ್ಲಿ, ಒಂದು ತಗಡಿನ ಮುಚ್ಚಳದ ಅಡಿಗೆ. ಮಿಸ್ತ್ರಿ ಮುಚ್ಚಳ ಎತ್ತಿ ಟಾರ್ಚು ಬಿಟ್ಟರು. ಎಂಜಿನ್ನಿಗೆ ಹೊಗೆಕೊಳವೆ ಕೂಡುವ ಜಾಗದ ಸುತ್ತ ಕಾಡಿಗೆಯಂಥ ಮಸಿ ಹರಡಿತ್ತು.

"ಈ ಜೋಡಣಿ ನಡುವಿನ ಪ್ಯಾಕಿಂಗ್ ಸುಟ್ಟ ಎಷ್ಟೋ ದಿನಾ ಆಗ್ಯಾವ್ರಿ ಮಾಸ್ತರ್ರ. ಹೊಗಿ ಎಲ್ಲಾ ಒಳಗ ಬಂದೈತಿ. ನಿಮಗ ವಾಸನಿ ಬರಲಿಲ್ಲೇನ್ರಿ?"

ಹಾಗೆ ಕೇಳಿದವರ ಕಣ್ಣು ಬುದ್ಧನ ಮುಂದೆ ಬಿದ್ದಿದ್ದ ಊದಿನಕಡ್ಡಿಯ ಬೂದಿಯ ಮೇಲೆ ನಿಂತಿತು. ಅವರು ಬೋಲ್ಟು ಬಿಚ್ಚುವ ಪಾನಾ ಹುಡುಕುವ ನೆವದಲ್ಲಿ ಆಚೆ ಹೋದರು. ಒಳ್ಳೆಯ ಮನುಷ್ಯ.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬಾರದೇಕೆ ಎಂಬುದು ನನ್ನ ತರಗತಿಯಲ್ಲಿ ಪ್ರತಿವರ್ಷ ಎರಡು ಅಂಕದ ಪ್ರಶ್ನೆಯಾಗಿತ್ತು. ಉತ್ತರ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನೀವೇ ಹೇಳಿ, ಈಗ ನನ್ನನ್ನು ಎಲ್ಲಿ ನಿಲ್ಲಿಸಬೇಕು? ಒಮ್ಮೊಮ್ಮೆ ಸಮಾಧಾನಕ್ಕೆ ಏನೇನೋ ಯೋಚಿಸುತ್ತೇನೆ. ನಾವು ಹೊಗೆಯಲ್ಲೇ ಬೆಳೆದವರು. ನಮ್ಮ ಗುಡಿಸಲಿನಲ್ಲಿ ಒಲೆ ಊದುತ್ತ ಅಕ್ಕನ ಕಣ್ಣು ಕೆಂಪಗಾದರೆ ಅಡುಗೆಯಾಗುತ್ತಿದೆ ಎಂದು ನನಗೆ ಖುಷಿಯಾಗುತ್ತಿತ್ತು, ಹೊಗೆ ಏಳದ ದಿನವೇ ಭಯ. ಹೀಗಾಗಿ ಹೊಗೆಯನ್ನು ವೈರಿಯೆಂದು ಗುರುತಿಸುವ ಬುದ್ಧಿ ನಮ್ಮ ಮೂಗಿಗೆ ಬರಲೇ ಇಲ್ಲವೇನೋ. ಇಷ್ಟು ಯೋಚಿಸಿದ ಮೇಲೆ ಗೊತ್ತಾಗುತ್ತದೆ, ಇದೆಲ್ಲ ನೆಪ. ಮೂಗಿಗೆ ದೋಷವಿರಲಿಲ್ಲ. ನಾನು ಕಷ್ಟಪಟ್ಟು ಕಟ್ಟಿದ ವಸ್ತುವಿನಲ್ಲಿ ಕೆಡುಕು ಇದ್ದೀತೆಂದು ನನಗೆ ಅನಿಸಲಿಲ್ಲ, ಅನಿಸುವುದು ಬೇಕಾಗಿಯೂ ಇರಲಿಲ್ಲ. ಕೆಟ್ಟದ್ದನ್ನು ಹುಡುಕುವ ಬದಲು ಸುವಾಸನೆ ಹಚ್ಚುವುದು ಸುಲಭ, ಅದರಲ್ಲಿ ಭಕ್ತಿಯ ಹೆಸರೂ ಸಿಗುತ್ತದೆ.

ಇನ್ನು ದುರಸ್ತಿ. ಅಕ್ಕ ನೆಟ್ಟಗೆ ಎಚ್ಚರವಿದ್ದು ಸುಂದ್ರವ್ವನನ್ನು ಒಮ್ಮೆ ನೋಡಬೇಕು, ಅದಕ್ಕಾಗಿ ಗಾಡಿ ಬೇಗ ಆಗಬೇಕು. ಪ್ಯಾಕಿಂಗ್ ಬದಲಿಸಲು ಬೋಲ್ಟು ತಿರುಗಿಸಿದರೆ ತುಕ್ಕು ಹಿಡಿದ ಎರಡು ಬೋಲ್ಟುಗಳು ಎಂಜಿನ್ನಿನೊಳಗೇ ಮುರಿದು ಉಳಿದವು. ಅವನ್ನು ಕೊರೆದು ತೆಗೆಯಲು ವಾರಗಳೇ ಹಿಡಿದವು. ಅದಾದ ಮೇಲೆ ಹೊಗೆ ಕೆಳಗಿನ ಜೋಡಣೆಯಲ್ಲಿ ದಾರಿ ಕಂಡುಕೊಂಡಿತು. ಅದನ್ನು ಬಿಗಿದರೆ ಮುಂದಿನ ಬಾಗಿದ ಕೊಳವೆಯಲ್ಲಿ ಉಗುರಿನಷ್ಟು ತೂತು. ವೆಲ್ಡಿಂಗ್ ಮಾಡಿದರೆ ಬೆಸುಗೆಯ ಬದಿಯ ತೆಳುವಾದ ತಗಡೇ ಉದುರಿತು. ಹಳೆಯ ಗಾಡಿ, ಹೊಸ ಕೊಳವೆ ಎಲ್ಲೂ ಸಿಗಲಿಲ್ಲ. ಬೆಳಗ್ಗೆ ಚಾಲೂ ಮಾಡಿದಾಗ ಟಿಕ್ ಟಿಕ್ ಎನ್ನುವ ಸದ್ದು, ಎಂಜಿನ್ ಕಾದೊಡನೆ ಮಾಯ. ಕಬ್ಬಿಣ ಬಿಸಿಗೆ ಹಿಗ್ಗಿ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಆ ಮೌನವನ್ನು ನಂಬಿ ಮೂರು ಸಲ "ನಾಳೆ ಹೋಗೋಣ" ಎಂದು ಅಕ್ಕನಿಗೆ ಹೇಳಿದೆ. ಮೂರು ಸಲವೂ ಅವಳು ಹೊಸ ಸೀರೆ ತೆಗೆದಿಟ್ಟಳು.

ಒಂದು ದಿನ ಮಿಸ್ತ್ರಿ ನನ್ನ ಮುಖ ನೋಡಲಾರದೆ, "ಮಾಸ್ತರ್ರ, ಅಕ್ಕಾರ್ನ ಮಲಗಿಸಿ ಕರಕೊಂಡ ಹೋಗಾಕ ಬ್ಯಾರೆ ಗಾಡಿ ಬಾಡಗಿಗೆ ಸಿಗ್ತಾವ್ರಿ. ಒಮ್ಮಿ ಹೋಗಿ ಬಂದ ಬಿಡ್ರೆಲ್ಲಾ," ಎಂದರು.

"ಇಷ್ಟ ಆಗೇತಿ, ಇನ್ನೊಂದ ವಾರ ನೋಡೂಣ್ರಿ," ಎಂದೆ.

ನನ್ನ ಗಾಡಿಯಲ್ಲೇ, ನಾನೇ ಕರೆದೊಯ್ಯಬೇಕು. ಅಕ್ಕನ ಋಣ ತೀರಿಸುವ ಪುಣ್ಯವನ್ನು ಬಾಡಿಗೆಯವನೊಂದಿಗೆ ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಆ ವಾರ ಮುಗಿಯಿತು, ಮತ್ತೊಂದು ಬಂತು. ಒಂದು ಮಧ್ಯಾಹ್ನ ಗಾಡಿ ಎಂಜಿನ್ ಬಿಚ್ಚಿಕೊಂಡು ಗ್ಯಾರೇಜಿನಲ್ಲಿ ನಿಂತಿರುವಾಗ ಶೋಭಾಳ ಫೋನು ಬಂತು. "ಕಾಕಾ, ಅತ್ತಿ ಹೋದ್ರೀ," ಎಂದು ಅತ್ತಳು. ಮಣ್ಣಿಗೂ ನಮಗೆ ಹೋಗಲಾಗಲಿಲ್ಲ.

ಅಂದು ಸಂಜೆ ಅಕ್ಕನ ಮಂಚದ ಪಕ್ಕ ಕೂತು ಎಲ್ಲ ಒಪ್ಪಿಕೊಂಡೆ. ಊದಿನಕಡ್ಡಿ ಹಚ್ಚಿ ಹಚ್ಚಿ ನಾನೇ ವಾಸನೆ ಮುಚ್ಚಿದೆ, ನಿನಗೆ ಗೊತ್ತಾಗದ ಹಾಗೆ ಮಾಡಿದೆ ಎಂದೆ. ಅಕ್ಕ ನನ್ನ ಕಡೆ ಹೊರಳಿದಳು.

"ನನಗ ಗೊತ್ತಾಗಿತ್ತೋ," ಎಂದಳು. "ಮೇಲವಂಕಿ ದಾಟೂದ್ರಾಗ ಹೊಗಿ ವಾಸನಿ ಬಂತು. ಹೇಳಿದ್ರ ನೀ ಗಾಡಿ ಹೊಳ್ಳಸ್ತಿದ್ದಿ. ಹೊಳ್ಳಸ್ತಿದ್ದಿಲ್ಲೋ?"

ಹೊಳ್ಳಿಸುತ್ತಿದ್ದೆ, ಅಲ್ಲಿಂದಲೇ ಮನೆಗೆ ತಿರುಗುತ್ತಿದ್ದೆ. ತಪ್ಪೆಲ್ಲ ನನ್ನದೇ ಎಂಬ ಒಂದು ಒಣ ಆಸರೆಯಾದರೂ ಇತ್ತು, ಅದನ್ನೂ ಅವಳು ತೆಗೆದುಬಿಟ್ಟಳು. ಸುಂದ್ರವ್ವನನ್ನು ನೋಡುವ ಆಸೆಗೆ ಅವಳು ಬಾಯಿ ಮುಚ್ಚಿಕೊಂಡು ಆ ಹೊಗೆ ಉಸಿರಾಡಿದ್ದಳು. ಕೊನೆಗೆ ನೋಡಿದ್ದೇ ನೆನಪಿಲ್ಲ.

ಆಮೇಲೆ ಗಾಡಿ ಸರಿಯಾಯಿತು. ಮಿಸ್ತ್ರಿ ಹಳೆಯ ಕೊಳವೆಯನ್ನೆಲ್ಲ ಬಿಸಾಕಿ, ದಪ್ಪ ಪೈಪು ಬಗ್ಗಿಸಿ ಹೊಸದನ್ನೇ ಮಾಡಿಕೊಟ್ಟರು. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದು ಅವರೂ ಹಣೆ ಬಡಿದುಕೊಂಡರು. ಅಕ್ಕ ಹುಕ್ಕೇರಿಗೆ ಹೋಗೋಣ ಎಂದಳು. ಇನ್ನೇನಿದೆ ಅಲ್ಲಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು, ಏನೂ ಹಚ್ಚದೆ ಹೊರಟೆವು. ದಾರಿಯುದ್ದಕ್ಕೂ ಅವಳು ಎಚ್ಚರವಾಗಿದ್ದಳು. ಮಲಗಿದಲ್ಲಿಂದಲೇ ಹೊಲಗಳನ್ನು ನೋಡುತ್ತ, ಇದು ಗೋವಿನಜೋಳ, ಇದು ಅರಿಶಿಣ, ಇಲ್ಲಿ ಕಳೆ ಬಿಟ್ಟಿದ್ದಾರೆ ನೋಡು ಎನ್ನುತ್ತಿದ್ದಳು. ತಲೆನೋವಿನ ಸೊಲ್ಲೇ ಇಲ್ಲ. ನನಗೆ ಅಳು ಬಂತು.

ಓಣಿಯಲ್ಲಿ ಈ ಸಲ ಯಾರೂ ಮುತ್ತಲಿಲ್ಲ. ಶೋಭಾ ಗಾಡಿ ಹತ್ತಿ ಬಂದು ಅಕ್ಕನ ಕಾಲು ಮುಟ್ಟಿದಳು. ಅಕ್ಕ ಅವಳ ಕೈ ಹಿಡಿದು, ಆವತ್ತು ಸುಂದ್ರಾ ಏನು ಮಾತಾಡಿದಳು ಎಂದು ಕೇಳಿದಳು.

"ನಾ ಚಾ ಮಾಡಾಕ ಮನ್ಯಾಗ ಹೋಗಿದ್ನಿ ಅತ್ತಿ," ಎಂದಳು ಶೋಭಾ. "ಆದ್ರ ಖರೇ ಹೇಳ್ತೇನಿ, ಅಷ್ಟ ಮಾತಾಡಿದ್ದ ನಾ ಎಂದೂ ನೋಡಿರಲಿಲ್ಲ. ಮನಿಗಿ ಬಂದ ಮ್ಯಾಲೂ ಒಬ್ಬಾಕಿನ ನಗತಿದ್ರು. ಎಲ್ಲಾ ಹೇಳಿ ಮುಗಿಸಿ ಬಂದೆ ಅಂದ್ರು, ಅಷ್ಟ."

ಅವಳು ಇಳಿದು ಹೋದ ಮೇಲೆ ಅಕ್ಕ ಮಂಚದ ಅಂಚನ್ನು ಅಂಗೈಯಿಂದ ಸವರಿದಳು.

"ಇಲ್ಲೇ ಕುಂತಿದ್ಲೇನು?"

"ಹೂಂ, ಅಲ್ಲೇ."

"ನೀ ಬಾಗಲದಾಗ ಇದ್ದಿ. ಜೋರಾಗೇ ಮಾತಾಡಿರ್ತಾಳ ಆಕಿ. ಏನಂದ್ಲು, ಒಂದರ ಹೇಳೋ ತಮ್ಮಾ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಸುಳ್ಳು ಸಾಕಾಗಿತ್ತು. ಸುಂದ್ರವ್ವ ಆಡಬಹುದಾದ ನೂರು ಮಾತು ನನಗೆ ಗೊತ್ತಿದ್ದವು. ಆದರೆ ಅವಳಿಗೆ ಸುಂದ್ರವ್ವ ನನಗಿಂತ ಹೆಚ್ಚು ಗೊತ್ತಿದ್ದಳು.

"ನಾ ಹೊರಗ ಮಂದಿಗಿ ಗಾಡಿ ತೋರಸಾಕತ್ತಿದ್ನಿ ಅಕ್ಕಾ," ಎಂದೆ.