ನಾಲ್ಕು ಕ್ಲಿಪ್ಪಿನ ಮುಚ್ಚಳ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ತರಗತಿಯ ಹುಡುಗರು ‘ಇನ್ನೊಂದು’ ಎಂದು ಹೆಸರಿಟ್ಟಿದ್ದರು. ಮೂರು ಉದಾಹರಣೆ ಕೊಡು ಎಂದರೆ ಆರು ಕೊಟ್ಟು, ಕೂರುವ ಮುನ್ನ “ಸಾರ್, ಇನ್ನೊಂದು” ಎನ್ನುತ್ತಿದ್ದ. ಊಟದ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ವಿನ್ಯಾಸದ ಮುಖ್ಯಸ್ಥನಾದ ಮೇಲೂ ಆ ಗುಣ ಅವನನ್ನು ಬಿಡಲಿಲ್ಲ. ಅವನ ಹೊಸ ಡಬ್ಬಿಗೆ ಐದು ಖಾನೆ, ಚಮಚಕ್ಕೊಂದು ಗೂಡು, ಹೆಸರು ಬರೆಯಲೊಂದು ಚೀಟಿ, ತೊಟ್ಟು ನೀರೂ ಸೋರದ ನಾಲ್ಕು ಕ್ಲಿಪ್ಪಿನ ಮುಚ್ಚಳ.

ಡಬ್ಬಿ ಮಾತ್ರ ಅಂಗಡಿಗಳ ಕಪಾಟಿನಿಂದ ಕದಲಲಿಲ್ಲ. ಮಾಲೀಕರು ಅವನನ್ನು ಕರೆದು, “ಹತ್ತು ವಾರದ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಇದೆಯಂತೆ, ಹೋಗಿ ಕಲಿತು ಬನ್ನಿ. ಆಮೇಲೂ ಹೀಗೇ ಇದ್ರೆ ಡಬ್ಬಿ ವಿಭಾಗ ಮುಚ್ತೀನಿ” ಎಂದರು. ಆ ವಿಭಾಗದಲ್ಲಿ ಒಂಬತ್ತು ಜನ ಹೆಂಗಸರಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ಕೆಲಸಕ್ಕೆ ಸೇರಿಸಿಕೊಂಡವನು ಇವನೇ.

ಪ್ರತಿ ಶನಿವಾರ ಪಾಠ ಮುಗಿಸಿಕೊಂಡು ನೇರ ನಮ್ಮ ಮನೆಗೆ ಬರುತ್ತಿದ್ದ. ಮೊದಲ ವಾರ ಕಲಿಸಿದ್ದು, ಯಾವುದನ್ನೇ ಆಗಲಿ ಐದು ಸಲ ‘ಯಾಕೆ’ ಎಂದು ಕೇಳಬೇಕೆಂಬುದು.

“ಸಾರ್, ನೀವು ಸ್ಕೂಲಿಗೆ ಡಬ್ಬಿ ಯಾಕೆ ತರ್ತಿದ್ರಿ?”

“ಹಸಿವಾಗ್ತಿತ್ತು.”

“ಯಾಕೆ?”

“ಬೆಳಗ್ಗೆ ಸರಿಯಾಗಿ ತಿಂತಿರಲಿಲ್ಲ.”

“ಯಾಕೆ?”

“ನಿಮ್ಮ ನೋಟ್‌ಬುಕ್ ತಿದ್ದೋದ್ರಲ್ಲೇ ಹೊತ್ತು ಹೋಗ್ತಿತ್ತು.”

“ಯಾಕೆ ಸಾರ್?”

“ನೀನು ಮೂರು ಕೇಳಿದ್ರೆ ಏಳು ಬರೀತಿದ್ಯಲ್ಲಪ್ಪ.”

ಐದನೆಯ ‘ಯಾಕೆ’ಯನ್ನು ಅವನು ನುಂಗಿಕೊಂಡ. ಅಡುಗೆಮನೆಯಲ್ಲಿ ನನ್ನಾಕೆ ನಕ್ಕದ್ದು ಹೊರಗೂ ಕೇಳಿಸಿತು.

ಮುಂದೆ, ಬಳಸುವವರ ಅಭಿಪ್ರಾಯ ಪಡೆಯುವ ಪಾಠ ಬಂತು. ಒಂದು ಫಾರಂ ಅಚ್ಚು ಹಾಕಿಸಿ, ಕಾರ್ಖಾನೆಯಿಂದ ಒಂದೊಂದು ಹೊಸ ಡಬ್ಬಿ ಪಡೆದಿದ್ದ ಆ ಒಂಬತ್ತು ಜನರಿಗೂ ಹಂಚಿ, ಹೆಸರು ಬರೆಸಿ ತಾನೇ ಕೈಯಾರೆ ವಾಪಸು ಪಡೆದ. ಒಂಬತ್ತರಲ್ಲೂ ‘ತುಂಬಾ ಚೆನ್ನಾಗಿದೆ’ ಎಂದಿತ್ತು. ಅದನ್ನು ಕೋರ್ಸಿನ ಮೇಡಂ ಮುಂದೆ ಹೆಮ್ಮೆಯಿಂದ ಹಿಡಿದ. ಆಕೆ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು.

“ಫಾರಂ ಎತ್ತಿಡಿ ಸಾರ್. ಅವರು ಊಟ ಮಾಡೋವಾಗ ಹೋಗಿ ಕೂತು ನೋಡಿ. ಮಾತಾಡಬೇಡಿ,” ಎಂದಳು.

ಅಷ್ಟು ವರ್ಷವೂ ಅವನು ಮಹಡಿಯ ತನ್ನ ಕೋಣೆಯಲ್ಲೇ, ಕಡತ ನೋಡುತ್ತ ಉಣ್ಣುತ್ತಿದ್ದವನು. ಸೋಮವಾರ ಡಬ್ಬಿ ಹಿಡಿದು ಕೆಳಗಿಳಿದು, ಊಟದ ಕೋಣೆಯ ಮೂಲೆಯ ಬೆಂಚಿನಲ್ಲಿ ಕೂತ. ಒಂಬತ್ತು ಜನರೂ ಡಬ್ಬಿ ತೆಗೆದರು. ಒಂದೂ ಇವರ ಕಾರ್ಖಾನೆಯದಲ್ಲ.

ಮಾತಾಡಬಾರದೆಂಬ ಪಾಠ ಅಲ್ಲಿಗೆ ಮುಗಿಯಿತು. “ಏನಕ್ಕಾ ಇದು, ನಮ್ಮ ಡಬ್ಬಿ ಎಲ್ಲಿ?” ಎಂದು ಅವರಲ್ಲಿ ಹಿರಿಯಳಾದ, ಎಲ್ಲರೂ ‘ಪ್ಯಾಕಿಂಗ್ ಅಕ್ಕ’ ಎನ್ನುತ್ತಿದ್ದವಳನ್ನು ಕೇಳಿದ.

“ಮನೇಲಿದೆ ಸಾರ್. ಸೂಜಿ, ಗುಂಡಿ ಹಾಕಿಟ್ಟಿದೀನಿ. ಒಂದೂ ಕಳೆದಿಲ್ಲ.”

“ಮತ್ತೆ ಊಟಕ್ಕೆ?”

“ಬಿಸಿದು ಹಾಕಿ ಮುಚ್ಚಿದ್ರೆ ಮಧ್ಯಾಹ್ನ ಮುಚ್ಚಳ ಬಿಡಲ್ಲ. ಒಂದ್ಸಲ ನಮ್ಮ ಯಜಮಾನ್ರು ಸ್ಕ್ರೂಡ್ರೈವರ್ ತರಬೇಕಾಯ್ತು.”

“ಚೆನ್ನಾಗಿದೆ ಅಂತ ಬರೆದುಕೊಟ್ರಲ್ಲ?”

“ಪಕ್ಕದಲ್ಲೇ ನಿಂತಿದ್ರಲ್ಲ ಸಾರ್ ನೀವು. ಹೆಸರು ಬೇರೆ ಬರೆಸಿದ್ರಿ.”

ಆಗ ಅವನ ಕಣ್ಣು ತನ್ನ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ಅದೂ ಬೇರೆ ಕಂಪನಿಯದು. ಸಂಜೆ ಹೆಂಡತಿಯನ್ನು ಕೇಳಿದರೆ, “ವರ್ಷದಿಂದ ಅದರಲ್ಲೇ ಕಳಿಸ್ತಿದೀನಿ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದಳು.

ಹತ್ತನೆಯ ವಾರ ಮಾಲೀಕರ ಕೋಣೆಗೆ ಅವನು ಒಂದು ಹಾಳೆಯನ್ನೂ ಒಯ್ಯಲಿಲ್ಲ. ಬೆಳಗ್ಗೆಯೇ ಬಿಸಿ ಊಟ ತುಂಬಿಸಿದ್ದ ತನ್ನ ನಾಲ್ಕು ಕ್ಲಿಪ್ಪಿನ ಡಬ್ಬಿಯನ್ನು ಮುಂದಿಟ್ಟು, “ಮೊದಲು ಊಟ ಮಾಡಿ ಸಾರ್” ಎಂದ. ಅವರು ನಾಲ್ಕು ಕ್ಲಿಪ್ಪನ್ನೂ ಬಿಚ್ಚಿದರು. ಮುಚ್ಚಳ ಅಲ್ಲಾಡಲಿಲ್ಲ. ಮೇಜಿಗೆ ಕುಟ್ಟಿದರು, ಮೊಣಕಾಲುಗಳ ನಡುವೆ ಅವುಚಿ ಎಳೆದರು.

“ಯಾರ್ರೀ ಇದನ್ನ ಮಾಡಿದ್ದು?”

“ನಾನೇ ಸಾರ್,” ಎಂದು, ಈ ವಾರಗಳಲ್ಲಿ ಹೊಸದಾಗಿ ಮಾಡಿಸಿ ತನ್ನ ಊಟ ಹಾಕಿ ತಂದಿದ್ದ ಎರಡನೆಯ ಡಬ್ಬಿಯನ್ನು ಸರಿಸಿದ. ಎರಡೇ ಖಾನೆ, ಒಂದೇ ಕ್ಲಿಪ್ಪು, ಮುಚ್ಚಳದ ನಡುವೆ ಹಬೆ ಬಿಡಲು ಪುಟ್ಟದೊಂದು ರಬ್ಬರ್ ಗುಂಡಿ. ಒಂದು ಬೆರಳಿಗೆ ತೆರೆದುಕೊಂಡಿತು. ಮಾಲೀಕರು ಒಂದಗುಳೂ ಬಿಡದೆ ಊಟ ಮುಗಿಸಿದರು. ಕೈ ತೊಳೆದು ಬಂದು, “ವಿಭಾಗ ಇರಲಿ. ಆರು ತಿಂಗಳು ನೋಡೋಣ” ಎಂದರು.

ಹಸಿದ ಹೊಟ್ಟೆಯಲ್ಲೇ ಓಡಿ ಕೆಳಗೆ ಹೋಗಿ ಸುದ್ದಿ ಹೇಳಿ, ಮಾದರಿಗೆಂದು ಮಾಡಿಸಿದ್ದ ಹೊಸ ಡಬ್ಬಿಗಳನ್ನು ಒಂಬತ್ತು ಜನರಿಗೂ ಹಂಚಿದ.

“ಹಾಗಾದ್ರೆ ನಾಳೆಯಿಂದ ಎಲ್ರೂ ಇದರಲ್ಲೇ ತರ್ತೀವಿ,” ಎಂದಳು ಪ್ಯಾಕಿಂಗ್ ಅಕ್ಕ. “ಆದ್ರೆ ಚೆನ್ನಾಗಿಲ್ದಿದ್ರೆ ಹೇಳ್ತೀವಿ. ಬೇಜಾರು ಮಾಡ್ಕೋಬಾರದು.”

“ಹೇಳಿ ಅಕ್ಕ.”

ಮರುದಿನ ಊಟ ಅರ್ಧಕ್ಕೆ ಬರುವಷ್ಟರಲ್ಲಿ ಹನ್ನೊಂದು ದೂರು ಬಂದವು. ಅವನು ಬಾಯಿ ಬಿಡದೆ ಬರೆದುಕೊಳ್ಳುತ್ತಿದ್ದನಂತೆ.