ಕಾವಿಯೊಳಗಿನ ಲಗಮಪ್ಪ

ನಮ್ಮ ಯಜಮಾನರು ಮನೆಯಲ್ಲಿದ್ದ ಕೊನೆಯ ದಿನವೂ ಗುಪ್ತ ಪೊಲೀಸ ಲಗಮಪ್ಪ ಹುಕ್ಕೇರಿಯ ನಮ್ಮ ಕಟ್ಟೆಗೆ ಬಂದ. ಚಳವಳಿಗಾರರಾದ ಇವರ ಮೇಲೆ ಕಣ್ಣಿಡಲು ಬ್ರಿಟಿಷ್ ಸರಕಾರ ಅವನಿಗೆ ಜಂಗಮನ ಕಾವಿ ಉಡಿಸಿತ್ತು. ಒಳಗೆ ಸೊಂಟಕ್ಕೆ ಪೊಲೀಸ್ ಪಟ್ಟಾ. "ಅಯ್ಯಾರ, ಪಟ್ಟಾ ಕಾಣಾಕತ್ತೈತ್ರಿ!" ಎಂದು ಓಣಿಯೆಲ್ಲ ನಗುತ್ತಿತ್ತು. ಕಾವಿ ಬಾಗಿಲಿಗೆ ಬಂದರೆ ಭಿಕ್ಷೆ ನೀಡಲೇಬೇಕು. ಜೋಳಿಗೆಗೆ ರೊಟ್ಟಿ ಹಾಕುತ್ತಿದ್ದೆ. ತಿಂದು, ವರದಿಯ ವಹಿ ತೆಗೆದು, "ಯಜಮಾನ್ರ, ಇವತ್ತ ಏನ ಬರೀಲ್ರಿ?" ಎಂದು ಇವರನ್ನೇ ಕೇಳುತ್ತಿದ್ದ. "ಮನ್ಯಾಗ ಮಲಗ್ಯಾನ ಅಂತ ಬರಿಯೋ" ಎನ್ನುತ್ತಿದ್ದರು. ಮಲಗುತ್ತಿದ್ದವನು ಲಗಮಪ್ಪನೇ. ಆ ಕೊನೆಯ ದಿನದ ಮರುದಿನ ಇವರು ಗೋಕಾಕದ ಸಭೆಗೆ ಹೋದರು. ಗೊತ್ತಿದ್ದೂ ಲಗಮಪ್ಪ, "ಮನ್ಯಾಗ ಮಲಗ್ಯಾನ" ಎಂದೇ ಬರೆದ. ಇವರನ್ನು ಸಭೆಯಲ್ಲೇ ಹಿಡಿದರು. ಸುಳ್ಳು ವರದಿಗೆ ಅವನ ನೌಕರಿ ಹೋಯಿತು. ಇವರು ಜೈಲಿನಲ್ಲೇ ತೀರಿಕೊಂಡರು. ಅವನು ಕಾವಿ ಬಿಚ್ಚಲಿಲ್ಲ. ಈಗಲೂ ಬೆಳಿಗ್ಗೆ ಬಂದು, "ಅವ್ವಾ, ಏನ ಬರೀಲಿ?" ಎಂದು ನಗಿಸುತ್ತಾನೆ. "ಮನ್ಯಾಗ ಅದಾರ ಅಂತ ಬರಿಯೋ" ಎಂದು ಬಿಸಿ ರೊಟ್ಟಿ ಹಾಕುತ್ತೇನೆ.