ಹುಳುವಿಗೆ ಗಟ್ಟಿಮೇಳ

ನಮ್ಮ ರೇಷ್ಮೆ ಇಲಾಖೆಯ ಪ್ರಚಾರದ ವ್ಯಾನು ಊರೂರಲ್ಲಿ ತೋರಿಸುವ ಚಿತ್ರಕ್ಕೆ ಬಾಯಿರಲಿಲ್ಲ. ಗ್ರಾಮಫೋನ್ ಪ್ಲೇಟು ಹಾಕಿ ಸಂಗೀತ ಕೂಡಿಸುವುದು ನನ್ನ ಕೆಲಸ. ಪರದೆ ಕಾಣದ ಮೂಲೆಯಲ್ಲಿ ಕೂರುತ್ತಿದ್ದೆ. ನನ್ನ ನಾಚಿಕೆಗೂ ಅದೇ ಅನುಕೂಲ. ಕೊನೆಯಲ್ಲಿ ರೇಷ್ಮೆ ಸೀರೆಯ ಮದುಮಗಳಿಗೆ ತಾಳಿ ಕಟ್ಟುವಾಗ ಪ್ರೊಜೆಕ್ಟರಿನ ಮಾದಪ್ಪನವರು ಸನ್ನೆಗೆಂದು ಕೆಮ್ಮುತ್ತಿದ್ದರು, ನಾನು ಗಟ್ಟಿಮೇಳದ ಪ್ಲೇಟಿಗೆ ಮುಳ್ಳಿಡುತ್ತಿದ್ದೆ.

ಮುಳ್ಳೂರಿನ ಶಾಲೆಯಲ್ಲಿ ಇಲಾಖೆಯ ಸಾಹೇಬರೇ ಮುಂದೆ ಕೂತರು. "ಇವತ್ತು ಚಿತ್ರಕ್ಕೂ ಸಂಗೀತಕ್ಕೂ ಹೊಂದದಿದ್ದರೆ ನೀವು ಆಫೀಸಿನ ಟೈಪ್‌ರೈಟರಿಗೆ ವಾಪಸ್ಸು" ಎಂದಿದ್ದರು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದೆವು. ಪಕ್ಕದ ಮನೆಯ ಒಗ್ಗರಣೆಯ ಘಾಟು ಒಳಗೆ ನುಗ್ಗಿತು. ಮಾದಪ್ಪನವರು ಕೆಮ್ಮಿದರು. ನಾನು ಮುಳ್ಳಿಟ್ಟೆ.

ಪರದೆಯ ಮೇಲೆ ಆಗಿನ್ನೂ ರೇಷ್ಮೆಗೂಡುಗಳು ಕುದಿನೀರಿಗೆ ಬೀಳುತ್ತಿದ್ದವಂತೆ. ಗಟ್ಟಿಮೇಳ ಕೇಳಿ ಸುಮ್ಮನೆ ಕೂರುವ ಜನವೇ? ಎದ್ದು ನಿಂತು, ಮಡಿಲಲ್ಲಿದ್ದ ಕಡಲೆಪುರಿಯನ್ನೇ ಅಕ್ಷತೆ ಮಾಡಿ ಎರಚಿದರು. ಅರ್ಧ ಸಾಹೇಬರ ತಲೆಗೇ ಬಿತ್ತು.

"ಉಳುಗೊಳ್ಗೆ ಮದ್ವೆ ಮಾಡುಸ್ಬುಟ್ರಲ್ಲವ್ವ, ಊಟ ಎಲ್ಲಿ ಆಕ್ತೀರಿ?" ಎಂದಳು ಒಬ್ಬ ಅಜ್ಜಿ.

ನನ್ನ ಕಣ್ಣಮುಂದೆ ಟೈಪ್‌ರೈಟರ್ ಬಂದು ಕೂತಿತು. ಸಾಹೇಬರು ಪುರಿ ಕೊಡವಿಕೊಳ್ಳುತ್ತಾ, "ನಮ್ಮ ಚಿತ್ರಕ್ಕೆ ಜನ ಎದ್ದು ನಿಂತದ್ದು ಇದೇ ಮೊದಲು. ಇನ್ನುಮೇಲೆ ಗಟ್ಟಿಮೇಳ ಗೂಡು ಬೇಯುವಾಗಲೇ ಬರಲಿ" ಎಂದರು.

ನನ್ನ ಕೆಲಸ ಉಳಿಯಿತು. ಅಲ್ಲಿಂದ ಹನೂರಿನ ತನಕ ಊರೂರಲ್ಲೂ ಹುಳುಗಳು ಮಂಗಳವಾದ್ಯದೊಡನೆ ಬೆಂದವು. ಪಾಪ, ಮದುಮಗಳು ಮಾತ್ರ ಸದ್ದಿಲ್ಲದೆ ತಾಳಿ ಕಟ್ಟಿಸಿಕೊಂಡಳು.